ಉಜ್ಜೋದಾ, ಆಸಿಡ್ ಹಚ್ಚೋದಾ? ನಿಮ್ಮ ಚರ್ಮಕ್ಕೆ ಒಗ್ಗುವ ಎಕ್ಸ್‌ಫೋಲಿಯೇಷನ್

ಬೆನ್ನಿನ ಮೇಲ್ಭಾಗ, ತೋಳಿನ ಹೊರಬದಿ, ಕೊರಳೆಲುಬಿನ ಮೇಲೆ ಕಂದು-ಕಪ್ಪು ಬಣ್ಣ ಅಲೆಅಲೆಯಾಗಿ ಹರಡಿಕೊಂಡವರನ್ನು ಚರ್ಮರೋಗದ ವೈದ್ಯರು ದಿನವೂ ನೋಡುತ್ತಾರೆ. ಬಂದವರು ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: ‘ಎಷ್ಟು ಉಜ್ಜಿದರೂ ಕೊಳೆ ಹೋಗುತ್ತಿಲ್ಲ ಡಾಕ್ಟ್ರೇ.’ ಅದು ಕೊಳೆಯಲ್ಲ. ನೈಲಾನ್ ಸ್ಕ್ರಬ್ಬರಿನಿಂದಲೋ ಒರಟು ಟವೆಲಿನಿಂದಲೋ ವರ್ಷಗಟ್ಟಲೆ ಉಜ್ಜಿದ್ದಕ್ಕೆ ಚರ್ಮ ಕೊಟ್ಟಿರುವ ಉತ್ತರ. ನಮ್ಮ ಗೋಧಿ ಬಣ್ಣದ, ಎಣ್ಣೆಗೆಂಪಿನ, ಕಪ್ಪು ಚರ್ಮಕ್ಕೆ ಎಲ್ಲೇ ಗಾಯವಾಗಲಿ, ಉರಿಯಾಗಲಿ, ತಿಕ್ಕಾಟವಾಗಲಿ, ಅಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚುತ್ತದೆ. ಬಿಳಿಯರ ಚರ್ಮದಲ್ಲಿ ನಾಲ್ಕು ದಿನ ಕೆಂಪಗಿದ್ದು ಮಾಯವಾಗುವ ಉರಿ ನಮ್ಮಲ್ಲಿ ನಾಲ್ಕಾರು ತಿಂಗಳ ಕಲೆಯಾಗಿ ಉಳಿಯುತ್ತದೆ. ಹಾಗಾಗಿ ಎಕ್ಸ್‌ಫೋಲಿಯೇಷನ್ (ಉಜ್ಜಿಯೋ ಆಸಿಡ್ ಹಚ್ಚಿಯೋ ಚರ್ಮದ ಮೇಲಿನ ಸತ್ತ ಕೋಶ ತೆಗೆಯುವುದು) ಆರಿಸುವಾಗ ಎಷ್ಟು ಚೆನ್ನಾಗಿ ಸುಲಿಯುತ್ತದೆ ಅಂತ ನೋಡಬೇಡಿ, ಎಷ್ಟು ಕಡಿಮೆ ಕೆರಳಿಸುತ್ತದೆ ಅಂತ ನೋಡಿ.

ಚರ್ಮದ ಹೊರಪದರದಲ್ಲಿ ಸತ್ತ ಕೋಶಗಳು ಇಟ್ಟಿಗೆಯಂತೆ ಜೋಡಿಸಿಕೊಂಡಿರುತ್ತವೆ, ನಡುವೆ ಕೊಬ್ಬಿನಂಶದ ಗಾರೆ. ಒಳಗೆ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಹರೆಯದಲ್ಲಿ ಸುಮಾರು 28 ದಿನ, ವಯಸ್ಸಾದ ಮೇಲೆ 40 ದಿನಕ್ಕೂ ಹೆಚ್ಚು. ಕೋಶಗಳನ್ನು ಹಿಡಿದಿಟ್ಟ ಕೊಂಡಿಗಳನ್ನು ಚರ್ಮದ್ದೇ ಕಿಣ್ವಗಳು ಬಿಡಿಸುತ್ತವೆ, ನಮ್ಮ ಕಣ್ಣಿಗೆ ಕಾಣದಂತೆ ಅವು ಉದುರಿಹೋಗುತ್ತವೆ. ಈ ಕೆಲಸ ನಿಧಾನವಾದಾಗ ಮುಖ ಮಂಕಾಗುತ್ತದೆ, ರಂಧ್ರ ಕಟ್ಟುತ್ತದೆ, ಪೌಡರ್ ಹಚ್ಚಿದರೆ ತೇಪೆತೇಪೆಯಾಗಿ ನಿಲ್ಲುತ್ತದೆ. ಎಕ್ಸ್‌ಫೋಲಿಯೇಷನ್ ಬೇಕಾಗುವುದು ಆಗ, ಅದೂ ಒಂದಿಷ್ಟು ತಳ್ಳು ಕೊಡುವಷ್ಟು ಮಾತ್ರ. ನಿಮ್ಮ ಮುಖ ಈಗಲೇ ನಯವಾಗಿದೆ, ಮೊಡವೆಯಿಲ್ಲ ಅಂದರೆ ಇದರ ತಂಟೆಗೇ ಹೋಗಬೇಕಿಲ್ಲ. ಇನ್‌ಸ್ಟಾಗ್ರಾಂ ರೀಲ್ಸ್ ಈ ಮಾತು ಹೇಳುವುದಿಲ್ಲ, ಯಾಕಂದರೆ ಇದರಲ್ಲಿ ಮಾರುವುದಕ್ಕೆ ಏನೂ ಇಲ್ಲ.

ಮೊದಲು ನಿಮ್ಮ ಚರ್ಮ ಯಾವುದು ನೋಡಿ

ಸಂಜೆ ಮನೆಗೆ ಬಂದು ಮುಖವನ್ನು ಮೃದುವಾದ ಫೇಸ್‌ವಾಷ್‌ನಿಂದ ತೊಳೆಯಿರಿ, ಒತ್ತಿ ಒರೆಸಿ, ಏನೂ ಹಚ್ಚದೆ ಒಂದು ಗಂಟೆ ಬಿಡಿ. ಆಮೇಲೆ ತೆಳುವಾದ ಟಿಶ್ಯೂ ಕಾಗದವನ್ನು ಹಣೆ, ಮೂಗು, ಎರಡು ಕೆನ್ನೆಗಳ ಮೇಲೆ ಒತ್ತಿ ನೋಡಿ. ಎಲ್ಲ ಕಡೆಯೂ ಎಣ್ಣೆಯ ಗುರುತು ಬಿದ್ದರೆ ಎಣ್ಣೆ ಚರ್ಮ. ಹಣೆ-ಮೂಗಿನದು ಮಾತ್ರ ಬಿದ್ದರೆ ಮಿಶ್ರ. ಎಲ್ಲೂ ಬೀಳದೆ, ನಕ್ಕಾಗ ಕೆನ್ನೆ ಬಿಗಿದಂತಾದರೆ ಒಣ ಚರ್ಮ. ಬಿಗಿತದ ಜೊತೆ ಉರಿ, ಕೆಂಪು, ತುರಿಕೆ ಇದ್ದರೆ ಸೂಕ್ಷ್ಮ ಚರ್ಮ, ಅಥವಾ ಈಗಾಗಲೇ ಹಾಳಾಗಿರುವ ಚರ್ಮ.

ಈ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲವಾದರೂ ಮಾಡಬೇಕು. ಬೆಂಗಳೂರಿನಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗಾಳಿ ಒಣ. ಮಳೆಗಾಲದಲ್ಲಿ ಎಣ್ಣೆ ಸುರಿಸುವ ಮುಖವೇ ಫೆಬ್ರವರಿಯಲ್ಲಿ ಬಾಯಿಯ ಸುತ್ತ ಸಿಪ್ಪೆ ಏಳುತ್ತದೆ. ನೀರಿನ ಲೆಕ್ಕವೂ ಇದೆ. ಕಾವೇರಿ ನೀರು ಬರುವ ಏರಿಯಾದಿಂದ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟಿಗೆ ಮನೆ ಬದಲಾಯಿಸಿದವರಿಗೆ ಇದು ಬೇಗ ಗೊತ್ತಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಜಿಡ್ಡಾಗಿ ಚರ್ಮದ ಮೇಲೇ ಕೂರುತ್ತದೆ, ಮೈ ಬಿಳಿಬಿಳಿಯಾಗಿ ಒಣಗುತ್ತದೆ. ನಲ್ಲಿಯ ಬಾಯಲ್ಲಿ, ಬಕೆಟ್ಟಿನ ಅಂಚಲ್ಲಿ ಬಿಳಿ ಪಟ್ಟೆ ಕಟ್ಟುತ್ತಿದ್ದರೆ ನಿಮ್ಮದೂ ಅದೇ ನೀರು. ಈ ಬಿಳುಪಿಗೆ ಸ್ಕ್ರಬ್ ಮದ್ದಲ್ಲ. ಸೋಪು ಬಿಟ್ಟು ಸೋಪುರಹಿತ ಕ್ಲೆನ್ಸರ್ ಹಿಡಿದು, ಮೈ ಇನ್ನೂ ಪಸೆಯಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಹೆಚ್ಚಿನವರಿಗೆ ಅಷ್ಟಕ್ಕೇ ಸರಿಹೋಗುತ್ತದೆ.

ಎಣ್ಣೆ ಚರ್ಮ, ಮೊಡವೆ, ಬ್ಲ್ಯಾಕ್‌ಹೆಡ್

ಇವರಿಗೆ ಸ್ಯಾಲಿಸಿಲಿಕ್ ಆಸಿಡ್. ಅದು ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ಎಣ್ಣೆ ತುಂಬಿದ ರಂಧ್ರದೊಳಗೆ ಇಳಿಯುತ್ತದೆ. ಉಳಿದ ಆಸಿಡ್‌ಗಳು ನೀರಿನಲ್ಲಿ ಕರಗುವಂಥವು, ಹೆಚ್ಚಾಗಿ ಮೇಲ್ಪದರದಲ್ಲೇ ಕೆಲಸ ಮಾಡುತ್ತವೆ. ಅಂಗಡಿಯಲ್ಲಿ ಸಿಗುವುದು 0.5ರಿಂದ 2 ಶೇಕಡಾ. ಮೊದಲ ಬಾರಿಗೆ 1 ಶೇಕಡಾದಿಂದ ಶುರುಮಾಡಿ. ಫೇಸ್‌ವಾಷ್ ರೂಪದಲ್ಲೂ ಬರುತ್ತದೆ, ಆದರೆ ಅದು ಮುಖದ ಮೇಲೆ ನಿಲ್ಲುವುದೇ ಅರ್ಧ-ಒಂದು ನಿಮಿಷ. ಹಚ್ಚಿ ಬಿಡುವ ಸೀರಮ್ಮಿನಷ್ಟು ಕೆಲಸ ಅದರಿಂದ ಆಗುವುದಿಲ್ಲ. ಚರ್ಮ ಬೇಗ ಕೆರಳುವವರಿಗೆ ಮಾತ್ರ ಆ ಕೊರತೆಯೇ ಅನುಕೂಲ.

ಮೊಡವೆ ಇರುವ ಮುಖಕ್ಕೆ ಹರಳಿನ ಸ್ಕ್ರಬ್ ಬೇಡವೇ ಬೇಡ. ಕೀವು ತುಂಬಿದ ಮೊಡವೆ ಉಜ್ಜಿದಾಗ ಒಳಗಡೆಯೇ ಒಡೆದು ಉರಿ ಆಳಕ್ಕೆ ಹೋಗುತ್ತದೆ, ಮೊಡವೆ ಹೋದ ಮೇಲೂ ಕಪ್ಪು ಕಲೆಯೋ ಗುಳಿಯೋ ಉಳಿಯುತ್ತದೆ. ಮೂಗಿನ ಮೇಲೆ ಒತ್ತಿದರೆ ಹೊರಬರುವ ಬೂದು ಬಣ್ಣದ ಎಳೆಗಳನ್ನು ಎಲ್ಲರೂ ಬ್ಲ್ಯಾಕ್‌ಹೆಡ್ ಅನ್ನುತ್ತಾರೆ. ಹೆಚ್ಚಿನವು ರಂಧ್ರದ ಸಹಜ ಎಣ್ಣೆಯ ಎಳೆಗಳು. ಪಟ್ಟಿ ಅಂಟಿಸಿ ಕಿತ್ತರೂ ಕೆಲವೇ ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಅವುಗಳ ಹಿಂದೆ ಬೀಳಬೇಡಿ.

ದಿನಕ್ಕೆ ಎರಡು ಗಂಟೆ ಸಿಲ್ಕ್ ಬೋರ್ಡ್ ಕಡೆ ಬೈಕ್ ಓಡಿಸುವವರ ಹಣೆ ಮತ್ತು ದವಡೆಯ ಅಂಚಿನಲ್ಲಿ ಏಳುವ ಗುಳ್ಳೆಗಳಿಗೆ ಅರ್ಧ ಕಾರಣ ಹೆಲ್ಮೆಟ್: ಬೆವರು, ಒತ್ತಡ, ತಿಕ್ಕಾಟ. ಒಳಗಿನ ಮೆತ್ತೆ ಬಿಚ್ಚಲು ಬಂದರೆ ವಾರಕ್ಕೊಮ್ಮೆ ಒಗೆಯಿರಿ, ಇಲ್ಲವಾದರೆ ಒಳಗೆ ತೆಳುವಾದ ಹತ್ತಿ ಟೋಪಿ ಹಾಕಿ ಅದನ್ನು ದಿನವೂ ಬದಲಿಸಿ. ಇಷ್ಟು ಮಾಡದೆ ಆಸಿಡ್ ಹಚ್ಚಿದರೆ ಒಂದು ಕಡೆ ಬಳಿದು ಇನ್ನೊಂದು ಕಡೆ ಸುರಿದಂತೆ.

ಹಣೆಯ ತುಂಬ ಒಂದೇ ಗಾತ್ರದ ಸಣ್ಣ ಗುಳ್ಳೆ, ಮೇಲಾಗಿ ತುರಿಕೆ, ತಲೆಯಲ್ಲಿ ಹೊಟ್ಟು ಇದ್ದರೆ ಅದು ಮೊಡವೆಯಲ್ಲದೆ ಯೀಸ್ಟ್‌ನಿಂದ ಬರುವ ಫಂಗಲ್ ಗುಳ್ಳೆಯೂ ಇರಬಹುದು. ತಲೆಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ, ಸ್ಕ್ರಬ್‌ನಿಂದ ಅದು ಹೋಗುವುದಿಲ್ಲ.

ಒಣ ಚರ್ಮ

ಒಣ ಚರ್ಮದವರಿಗೇ ಉಜ್ಜುವ ಆಸೆ ಹೆಚ್ಚು, ಸಿಪ್ಪೆ ಕಣ್ಣಿಗೆ ಕಾಣುತ್ತದಲ್ಲ! ಆದರೆ ಆ ಸಿಪ್ಪೆ ಏಳುವುದು ತೇವವಿಲ್ಲದೆ. ಮೊದಲು ಎರಡು ವಾರ ಬರೀ ಮಾಯಿಶ್ಚರೈಸರ್ ಹಚ್ಚಿ ನೋಡಿ, ದಿನಕ್ಕೆರಡು ಸಲ. ಆಮೇಲೂ ಒರಟು ಉಳಿದರೆ 5 ಶೇಕಡಾ ಲ್ಯಾಕ್ಟಿಕ್ ಆಸಿಡ್, ವಾರಕ್ಕೊಂದು ರಾತ್ರಿ. ಲ್ಯಾಕ್ಟಿಕ್ ಆಸಿಡ್ ಸಿಪ್ಪೆ ಬಿಡಿಸುವುದರ ಜೊತೆಗೆ ನೀರನ್ನೂ ಹಿಡಿದಿಡುತ್ತದೆ, ಅದಕ್ಕೇ ಒಣ ಚರ್ಮಕ್ಕೆ ಒಗ್ಗುತ್ತದೆ. ಗ್ಲೈಕಾಲಿಕ್ ಆಸಿಡ್ ಇದೇ ಗುಂಪಿನದು, ಆದರೆ ಅಣು ಚಿಕ್ಕದು, ಬೇಗ ಒಳನುಗ್ಗುತ್ತದೆ, ಉರಿಯೂ ಜಾಸ್ತಿ. ಒಣ ಚರ್ಮದವರು ಅದರಿಂದ ಶುರುಮಾಡಬಾರದು.

ಸೂಕ್ಷ್ಮ ಚರ್ಮ, ಬಂಗು, ಕಲೆ

ಸೂಕ್ಷ್ಮ ಚರ್ಮಕ್ಕೆ ಗ್ಲುಕೋನೋಲ್ಯಾಕ್ಟೋನ್‌ನಂಥ ಪಿಎಚ್‌ಎ (ಪಾಲಿಹೈಡ್ರಾಕ್ಸಿ ಆಸಿಡ್ ಎಂಬ ಸೌಮ್ಯ ಗುಂಪು) ಅಥವಾ ಮ್ಯಾಂಡೆಲಿಕ್ ಆಸಿಡ್. ಮ್ಯಾಂಡೆಲಿಕ್‌ನ ಅಣು ಗ್ಲೈಕಾಲಿಕ್‌ನ ಎರಡು ಪಟ್ಟು ತೂಕದ್ದು, ನಿಧಾನವಾಗಿ ಇಳಿಯುತ್ತದೆ, ಆದ್ದರಿಂದ ಉರಿ ಕಡಿಮೆ. ಮೊಡವೆಯ ಕಪ್ಪು ಕಲೆಗಳಿಗೂ ನಮ್ಮ ಚರ್ಮದಲ್ಲಿ ಇದು ನೆಮ್ಮದಿಯ ಆಯ್ಕೆ. ಇಸಬು ಎದ್ದಿದ್ದರೆ, ತೆರೆದ ಗಾಯವಿದ್ದರೆ, ತುಟಿಯಂಚಿನಲ್ಲಿ ನೀರುಗುಳ್ಳೆ ಎದ್ದಿದ್ದರೆ ಯಾವುದೂ ಬೇಡ.

ಬಂಗು ಮಾತ್ರ ಬೇರೆಯೇ ಲೆಕ್ಕ. ಕೆನ್ನೆ, ಮೂಗು, ಮೇಲ್ದುಟಿಯ ಮೇಲೆ ಎರಡೂ ಬದಿಗೆ ಒಂದೇ ಥರ ಹರಡುವ ಕಂದು ತೇಪೆ ಅದು. ಬಿಸಿಲು, ಗರ್ಭ, ಹಾರ್ಮೋನ್ ಮಾತ್ರೆಗಳಿಂದ ಹೆಚ್ಚುತ್ತದೆ. ಉಜ್ಜಿದರೆ ಇನ್ನಷ್ಟು ಕಪ್ಪಾಗುತ್ತದೆ. ಕಣ್ಣಿಗೆ ಕಾಣುವ ಬೆಳಕೂ ಅದನ್ನು ಕೆರಳಿಸುವುದರಿಂದ ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್ ಬೇಕು. ಮೆಡಿಕಲ್ ಶಾಪಿನಲ್ಲಿ ‘ಬಂಗಿಗೆ ಒಂದು ಕ್ರೀಮ್ ಕೊಡಿ’ ಎಂದು ಕೇಳಿ ತರುವ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ಮೊದಲ ತಿಂಗಳು ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳುವಾಗಿ, ಕೆಂಪಗಾಗಿ, ಕೂದಲು ಬಂದು, ಬಿಸಿಲಿಗೆ ಹೋದರೆ ಧಗಧಗ ಅನ್ನುತ್ತದೆ. ಟ್ಯೂಬಿನ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಅಂತಿದ್ದರೆ ಅದು ಸ್ಟೀರಾಯ್ಡ್. ಅಂಥದ್ದನ್ನು ಬಳಸುತ್ತಿರುವವರು ಅದರ ಮೇಲೆ ಆಸಿಡ್ ಹಚ್ಚಬಾರದು, ತಾವಾಗಿ ದಿಢೀರನೆ ನಿಲ್ಲಿಸಲೂ ಬಾರದು, ವೈದ್ಯರ ಹತ್ತಿರ ಹೋಗಿ ಬಿಡಿಸಿಕೊಳ್ಳಬೇಕು.

ಮಿಶ್ರ ಚರ್ಮದವರು ಹಣೆ-ಮೂಗಿಗೆ ಸ್ಯಾಲಿಸಿಲಿಕ್, ಕೆನ್ನೆಗೆ ಏನೂ ಇಲ್ಲ ಅಥವಾ ಲ್ಯಾಕ್ಟಿಕ್, ಹೀಗೆ ಭಾಗ ಮಾಡಿಕೊಂಡರೆ ಸಾಕು.

ಹಚ್ಚುವ ರೀತಿ

ಬಾಟಲಿ ತಂದ ದಿನವೇ ಮುಖಕ್ಕೆ ಬೇಡ. ಕಿವಿಯ ಹಿಂದೆ ಅಥವಾ ದವಡೆಯ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಎರಡು ರಾತ್ರಿ ಹಚ್ಚಿ, 48 ಗಂಟೆ ಕಾದು ನೋಡಿ. ಕೆಂಪಾಗದಿದ್ದರೆ ಮುಂದುವರಿಯಿರಿ.

ರಾತ್ರಿ ಮುಖ ತೊಳೆದು ಒತ್ತಿ ಒರೆಸಿ. ಹತ್ತು ನಿಮಿಷ ಪೂರ್ತಿ ಒಣಗಲು ಬಿಡಿ, ಒದ್ದೆ ಚರ್ಮದಲ್ಲಿ ಆಸಿಡ್ ಬೇಗ ಇಳಿದು ಉರಿಯುತ್ತದೆ. ಮೂಗಿನ ಹೊಳ್ಳೆಯ ಪಕ್ಕದ ಮಡಿಕೆ, ತುಟಿಯ ಎರಡು ಮೂಲೆ, ಕಣ್ಣಿನ ಹೊರತುದಿ, ಇಲ್ಲೆಲ್ಲ ದ್ರವ ನಿಂತು ಚರ್ಮ ಸುಡುತ್ತದೆ. ಮೊದಲೇ ಅಲ್ಲಿಗೆ ಚೂರು ವ್ಯಾಸಲೀನ್ ಸವರಿ. ಸೀರಮ್ ಮೂರು-ನಾಲ್ಕು ಹನಿ ಇಡೀ ಮುಖಕ್ಕೆ ಸಾಕು. ಅಂಗೈಗೆ ಹಾಕಿಕೊಂಡು ಬೆರಳಿನಿಂದ ತಟ್ಟುತ್ತ ಹರಡಿ. ಹತ್ತಿಯಿಂದ ಹಚ್ಚಿದರೆ ಅರ್ಧ ಹತ್ತಿಗೇ ಹೋಗುತ್ತದೆ, ಎಳೆತ ಬೇರೆ. ಹತ್ತು ನಿಮಿಷದ ನಂತರ ಮಾಯಿಶ್ಚರೈಸರ್.

ಮೊದಲ ಎರಡು ವಾರ ವಾರಕ್ಕೊಮ್ಮೆ, ಮುಂದಿನ ಎರಡು ವಾರ ವಾರಕ್ಕೆರಡು ಸಲ. ಎಣ್ಣೆ ಚರ್ಮದವರು ಮೂರಕ್ಕೆ ಏರಿಸಬಹುದು, ಉಳಿದವರು ಎರಡಕ್ಕೇ ನಿಲ್ಲಲಿ. ಸಣ್ಣಗೆ ಚುಮುಚುಮು ಅಂದು ಒಂದೆರಡು ನಿಮಿಷದಲ್ಲಿ ಅಡಗಿದರೆ ತೊಂದರೆಯಿಲ್ಲ. ಐದು ನಿಮಿಷ ಕಳೆದರೂ ಉರಿಯುತ್ತಿದ್ದರೆ ತಣ್ಣೀರಿನಲ್ಲಿ ಚೆನ್ನಾಗಿ ತೊಳೆದುಬಿಡಿ. ಅಡಪಲೀನ್, ಟ್ರೆಟಿನೋಯಿನ್, ರೆಟಿನಾಲ್ (ವಿಟಮಿನ್ ಎ ಸಂಬಂಧಿ ರೆಟಿನಾಯ್ಡ್ ಗುಂಪಿನವು) ಹಚ್ಚುವವರು ಅದೇ ರಾತ್ರಿ ಆಸಿಡ್ ಹಚ್ಚಬಾರದು. ಅವೇ ಕೋಶಗಳ ಓಟವನ್ನು ಹೆಚ್ಚಿಸಿರುತ್ತವೆ, ಅನೇಕರಿಗೆ ಬೇರೆ ಎಕ್ಸ್‌ಫೋಲಿಯೇಷನ್ ಬೇಕಾಗುವುದೇ ಇಲ್ಲ. ಬಸುರಿಯರು, ಹಾಲೂಡಿಸುವವರು ಯಾವುದೇ ಆಸಿಡ್ ಹಿಡಿಯುವ ಮೊದಲು ತಮ್ಮ ವೈದ್ಯರನ್ನು ಕೇಳಿ. ರೆಟಿನಾಲ್ ಗುಂಪಿನದ್ದಂತೂ ಬೇಡ.

ಮನೆಬಳಕೆಗೆ ಗ್ಲೈಕಾಲಿಕ್, ಲ್ಯಾಕ್ಟಿಕ್ ಗುಂಪಿನ ಆಸಿಡ್ 10 ಶೇಕಡಾ ಮೀರಬಾರದು, ಪಿಎಚ್ (ಆಮ್ಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಖಾರ) 3.5ಕ್ಕಿಂತ ಕೆಳಗಿರಬಾರದು ಎಂಬುದು ಒಪ್ಪಿತ ಮಿತಿ. ಆನ್‌ಲೈನಿನಲ್ಲಿ 30 ಶೇಕಡಾದ ಕೆಂಪು ದ್ರವಗಳು ಸಿಗುತ್ತವೆ, ಹತ್ತು ನಿಮಿಷಕ್ಕೆ ತೊಳೆಯಬೇಕೆಂದು ಅದರ ಮೇಲೇ ಬರೆದಿರುತ್ತದೆ. ಹಚ್ಚಿಕೊಂಡು ಸೀರಿಯಲ್ ನೋಡುತ್ತ ಕೂತವರ ಕೆನ್ನೆ ಮರುದಿನ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹೊಸಬರಿಗೆ ಅದು ಬೇಡ.

ಬೆಳಗ್ಗೆ ಸನ್‌ಸ್ಕ್ರೀನ್ ಹಚ್ಚಲು ಒಪ್ಪದವರು ರಾತ್ರಿ ಆಸಿಡ್ ಹಚ್ಚುವುದೂ ಬೇಡ. ಗ್ಲೈಕಾಲಿಕ್ ಗುಂಪಿನವು ಚರ್ಮ ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತವೆ, ನಿಲ್ಲಿಸಿದ ಒಂದು ವಾರದವರೆಗೂ ಆ ಪರಿಣಾಮ ಇರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತಂಪಾಗಿದೆ, ಮೋಡ ಕವಿದಿದೆ ಅಂತ ಬಿಸಿಲು ಗೊತ್ತಾಗುವುದಿಲ್ಲ, ಆದರೆ ಬಿಸಿಲಿನ ಯುವಿ (ಅತಿನೇರಳೆ) ಕಿರಣ ಮೋಡ ದಾಟಿ ಬರುತ್ತದೆ. ಎಸ್‌ಪಿಎಫ್ 30 ಅಥವಾ 50, ತೋರುಬೆರಳು-ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದಷ್ಟು, ಮುಖ ಮತ್ತು ಕತ್ತಿಗೆ. ಹೊರಗೆ ಓಡಾಡುವವರು ಎರಡು-ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಅಡುಗೆಮನೆಯ ಸಾಮಾನು

ಕಡಲೆಹಿಟ್ಟು, ಹೆಸರುಹಿಟ್ಟಿನ ಮೇಲೆ ನಮಗೇನೂ ಜಗಳವಿಲ್ಲ. ನರಕ ಚತುರ್ದಶಿಯ ಎಣ್ಣೆಸ್ನಾನದ ನಂತರ ಜಿಡ್ಡು ತೆಗೆಯಲು ಸೋಪಿಗಿಂತ ಅದೇ ಲೇಸು. ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜಾಲಿಸಿ ವಸ್ತ್ರಗಾಳಿತ ಮಾಡಿ, ಎರಡು ಚಮಚಕ್ಕೆ ನೀರು ಅಥವಾ ಹಾಲು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಹಚ್ಚಿ, ಒಣಗಲು ಬಿಡದೆ ತೊಳೆಯಿರಿ. ಒಣಗಿದ ಮೇಲೆ ಉದುರಿಸಲು ಉಜ್ಜುತ್ತೀರಲ್ಲ, ಪೆಟ್ಟು ಬೀಳುವುದು ಅಲ್ಲಿ. ಮುಲ್ತಾನಿ ಮಿಟ್ಟಿಗೂ ಇದೇ ನಿಯಮ. ಅದು ಎಣ್ಣೆ ಹೀರುವ ಮಣ್ಣು, ಒಣ ಚರ್ಮಕ್ಕೆ ಬೇಡ.

ಮೊಸರಿನಲ್ಲಿ ಲ್ಯಾಕ್ಟಿಕ್ ಆಸಿಡ್ ಇರುವುದು ಶೇಕಡಾ ಒಂದರ ಆಸುಪಾಸು. ಹೆಚ್ಚೇನೂ ಆಗುವುದಿಲ್ಲ, ಕೆಡುಕೂ ಇಲ್ಲ. ಸಕ್ಕರೆ, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ, ಅಕ್ರೋಟ್ ಚಿಪ್ಪಿನ ಪುಡಿ ಕಣ್ಣಿಗೆ ನುಣುಪಾಗಿ ಕಂಡರೂ ಅಂಚು ಚೂಪು, ಮುಖಕ್ಕೆ ಬೇಡ. ಚರಟವಂತೂ ಬಾತ್‌ರೂಮಿನ ಪೈಪನ್ನೂ ಕಟ್ಟಿಸುತ್ತದೆ. ನಿಂಬೆರಸದ ಪಿಎಚ್ ಸುಮಾರು 2. ಜೊತೆಗೆ ಅದರಲ್ಲಿರುವ ಕೆಲವು ಅಂಶಗಳು ಬಿಸಿಲು ಬಿದ್ದಾಗ ಚರ್ಮವನ್ನು ಸುಟ್ಟು ಕಪ್ಪು ಮಾಡುತ್ತವೆ. ಅಡುಗೆ ಸೋಡಾ ಅದರ ತದ್ವಿರುದ್ಧ: ಚರ್ಮದ ಪಿಎಚ್ 5ರ ಸುತ್ತ ಇದ್ದರೆ ಸೋಡಾದ್ದು 8ಕ್ಕೂ ಮೇಲೆ. ಎರಡೂ ಮುಖದಿಂದ ದೂರವಿರಲಿ. ಪರಂಗಿಕಾಯಿಯ ಹಾಲಿನಲ್ಲಿರುವ ಪಪೇನ್ ಕಿಣ್ವ ನಿಜಕ್ಕೂ ಸತ್ತ ಕೋಶ ಕರಗಿಸುತ್ತದೆ, ಆದರೆ ಮನೆಯಲ್ಲಿ ಅಳತೆ ಸಿಗದು, ಅಲರ್ಜಿಯೂ ಆಗುತ್ತದೆ.

ಹಚ್ಚಿ ಉಜ್ಜಿದರೆ ಬಿಳಿ ಉಂಡೆ ಉಂಡೆಯಾಗಿ ಬರುವ ಪೀಲಿಂಗ್ ಜೆಲ್‌ಗಳಿವೆ. ಆ ಉಂಡೆ ನಿಮ್ಮ ಚರ್ಮವೆಂದುಕೊಂಡರೆ, ಅದೇ ಜೆಲ್ಲನ್ನು ಗಾಜಿನ ಮೇಲೆ ಉಜ್ಜಿ ನೋಡಿ, ಅಲ್ಲೂ ಉಂಡೆ ಬರುತ್ತದೆ. ಜೆಲ್ಲಿನ ಪಾಲಿಮರ್ ಮುದ್ದೆಗಟ್ಟುವ ಆಟ ಅದು.

ಪಾರ್ಲರಿಗೆ ಹೋಗುವ ಮುನ್ನ

ಥ್ರೆಡಿಂಗ್, ವ್ಯಾಕ್ಸಿಂಗ್‌ಗೆ ಮೂರು ದಿನ ಮುಂಚೆ ಆಸಿಡ್ ನಿಲ್ಲಿಸಿ, ಆದ ಮೇಲೆ ಮತ್ತೆರಡು ದಿನ ಬಿಡಿ. ರೆಟಿನಾಯ್ಡ್ ಹಚ್ಚುವವರು ಮೇಲ್ದುಟಿಗೆ ವ್ಯಾಕ್ಸ್ ಮಾಡಿಸಿದರೆ ಕೂದಲಿನ ಜೊತೆ ಚರ್ಮವೂ ಕಿತ್ತುಬರುತ್ತದೆ. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್ ಮಾತ್ರೆ ನುಂಗುತ್ತಿರುವವರು ವ್ಯಾಕ್ಸಿಂಗ್ ಮಾಡಿಸಲೇಬಾರದು. ಮದುವೆಗೆ ಎರಡು ದಿನ ಇರುವಾಗ ‘ಗ್ಲೋ ಪೀಲ್’ (ಆಸಿಡ್ ಹಚ್ಚಿ ಮೇಲ್ಪದರ ಸುಲಿಯುವುದು) ಮಾಡಿಸಿಕೊಳ್ಳುವುದು ಬುದ್ಧಿವಂತಿಕೆಯಲ್ಲ, ಮುಹೂರ್ತದ ದಿನವೇ ಸಿಪ್ಪೆ ಏಳುತ್ತದೆ. ಗ್ಲೈಕಾಲಿಕ್ 30-50 ಶೇಕಡಾದ ಪೀಲ್ ವೈದ್ಯರ ಕೈಯಲ್ಲೇ ಆಗಬೇಕು. ಯಾವ ಆಸಿಡ್, ಎಷ್ಟು ಶೇಕಡಾ, ಎಷ್ಟು ನಿಮಿಷ ಎಂದು ಕೇಳಿ. ಉತ್ತರ ತೊದಲಿದರೆ ಎದ್ದು ಬನ್ನಿ.

ಗಡ್ಡ ಬೋಳಿಸುವವರ ಕೆನ್ನೆಗೆ ರೇಜರೇ ಎಕ್ಸ್‌ಫೋಲಿಯೇಷನ್, ಅದೇ ದಿನ ಆಸಿಡ್ ಬೇಡ. ಕತ್ತಿನಲ್ಲಿ ಕೂದಲು ಒಳಮುಖವಾಗಿ ಬೆಳೆದು ಗುಳ್ಳೆಯಾಗುವವರಿಗೆ, ಶೇವ್ ಮಾಡದ ರಾತ್ರಿ ಸ್ಯಾಲಿಸಿಲಿಕ್ ಒಳ್ಳೆಯ ನೆರವು.

ಕೆಟ್ಟಾಗ ಗೊತ್ತಾಗುವುದು ಹೇಗೆ

ಬರೀ ನೀರು ತಾಗಿದರೂ ಉರಿ. ಮುಖ ಪ್ಲಾಸ್ಟಿಕ್ಕಿನಂತೆ ಹೊಳಪು, ಆದರೆ ಬಿಗಿ. ಇದುವರೆಗೆ ಒಗ್ಗಿದ ಕ್ರೀಮೂ ಚುಚ್ಚುತ್ತದೆ. ಯಾವತ್ತೂ ಇಲ್ಲದ ಜಾಗದಲ್ಲಿ ತುರಿಸುವ ಗುಳ್ಳೆ. ಇವೆಲ್ಲ ಹೊರಪದರ ಕಿತ್ತುಹೋದ ಲಕ್ಷಣ. ‘ಪರ್ಜಿಂಗ್, ಒಳಗಿನದೆಲ್ಲ ಹೊರಗೆ ಬರ್ತಿದೆ, ಮುಂದುವರಿಸಿ’ ಎಂಬ ಮಾತು ಕೇಳಬೇಡಿ. ನಿಜವಾದ ಪರ್ಜಿಂಗ್‌ನಲ್ಲಿ ಮಾಮೂಲಾಗಿ ಮೊಡವೆ ಬರುವ ಜಾಗದಲ್ಲೇ ಬರುತ್ತದೆ, ಆರು ವಾರದೊಳಗೆ ಇಳಿಯುತ್ತದೆ, ಉರಿ-ತುರಿಕೆ ಇರುವುದಿಲ್ಲ.

ಆಗ ಮಾಡಬೇಕಾದ್ದು: ಆಸಿಡ್, ರೆಟಿನಾಲ್, ವಿಟಮಿನ್ ಸಿ, ಫೇಸ್‌ಪ್ಯಾಕ್ ಎಲ್ಲ ಬಂದ್. ರಾತ್ರಿ ಮಾತ್ರ ಮೃದು ಕ್ಲೆನ್ಸರ್, ಬೆಳಗ್ಗೆ ಬರೀ ನೀರು. ಸೆರಮೈಡ್ (ಚರ್ಮದ ಗಾರೆಯಲ್ಲಿರುವ ಕೊಬ್ಬಿನಂಶ) ಇರುವ, ಪರಿಮಳವಿಲ್ಲದ ಮಾಯಿಶ್ಚರೈಸರ್, ಸಿಪ್ಪೆ ಎದ್ದ ಜಾಗಕ್ಕೆ ಮೇಲೊಂದು ತೆಳು ವ್ಯಾಸಲೀನ್, ಹಗಲು ಸನ್‌ಸ್ಕ್ರೀನ್. ಎರಡರಿಂದ ನಾಲ್ಕು ವಾರ ಬೇಕು. ನೀರು ಒಸರಿದರೆ, ಗುಳ್ಳೆ ಎದ್ದರೆ, ಊದಿಕೊಂಡರೆ ಕಾಯಬೇಡಿ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ.

ಮೈ, ಕತ್ತು, ಹಿಮ್ಮಡಿ

ಮೈಗೆ ನೈಲಾನ್ ಬದಲು ಕೈ ಅಥವಾ ಮೆತ್ತನೆಯ ಹತ್ತಿ ಬಟ್ಟೆ ಸಾಕು. ತುಪ್ಪದ ಹೀರೆಯ ನಾರು ಬೇಕೇ ಬೇಕೆಂದರೆ ಹತ್ತು ನಿಮಿಷ ನೆನೆಸಿ ಮೆತ್ತಗಾದ ಮೇಲೆ ವಾರಕ್ಕೊಮ್ಮೆ ಬಳಸಿ. ಬಚ್ಚಲಲ್ಲಿ ಒದ್ದೆಯಾಗಿ ನೇತಾಡಿಸದೆ ಬಿಸಿಲಿಗೆ ಹಾಕಿ, ತಿಂಗಳಿಗೊಮ್ಮೆ ಬದಲಿಸಿ. ತೋಳಿನ ಹಿಂಬದಿಯಲ್ಲಿ ಕೋಳಿಚರ್ಮದಂತೆ ಒರಟು ಗುಳ್ಳೆಗಳಿದ್ದರೆ 10 ಶೇಕಡಾ ಯೂರಿಯಾ ಕ್ರೀಮ್ ಅಥವಾ ಲ್ಯಾಕ್ಟಿಕ್ ಆಸಿಡ್ ಲೋಷನ್ ದಿನವೂ ಹಚ್ಚಿ. ಇದಕ್ಕೂ ಉಜ್ಜುವ ಕೆಲಸವಿಲ್ಲ.

ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾದ ಚರ್ಮವನ್ನು ಕಲ್ಲಿನಿಂದ ತಿಕ್ಕುವ ಅಮ್ಮಂದಿರಿದ್ದಾರೆ. ಅದು ಬಹಳ ಸಲ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ಮಕ್ಕಳಲ್ಲಿ ಕಂಡರೂ ಸಕ್ಕರೆ ಪರೀಕ್ಷೆ ಮಾಡಿಸಿ. ತೂಕ ಇಳಿದರೆ ಬಣ್ಣವೂ ತಿಳಿಯಾಗುತ್ತದೆ.

ಉಜ್ಜುವ ಕಲ್ಲಿಗೆ ಜಾಗ ಹಿಮ್ಮಡಿ ಮಾತ್ರ. ಹತ್ತು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಕಾಲಿಟ್ಟು, ಕಲ್ಲನ್ನು ಒಂದೇ ದಿಕ್ಕಿಗೆ ಹಗುರವಾಗಿ ಎಳೆಯಿರಿ, ಗುಲಾಬಿ ಬಣ್ಣ ಕಾಣುವ ಮೊದಲೇ ನಿಲ್ಲಿಸಿ. ಒರೆಸಿ 20-25 ಶೇಕಡಾ ಯೂರಿಯಾ ಕ್ರೀಮ್ ಹಚ್ಚಿ ಹತ್ತಿಯ ಸಾಕ್ಸ್ ಹಾಕಿ ಮಲಗಿ. ಕಲ್ಲು ವಾರಕ್ಕೆ ಒಂದು ಸಲ, ಕ್ರೀಮ್ ದಿನವೂ. ಸಕ್ಕರೆ ಕಾಯಿಲೆಯವರು ಮಾತ್ರ ಕಲ್ಲು, ಬ್ಲೇಡು, ಆಣಿಯ ಪ್ಲಾಸ್ಟರು ಯಾವುದನ್ನೂ ಕಾಲಿಗೆ ಮುಟ್ಟಿಸಬಾರದು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಗಾಯವಾದದ್ದು ಅವರಿಗೆ ಗೊತ್ತೇ ಆಗುವುದಿಲ್ಲ.